ಸಿದ್ದಮ್ಮನವರ ಹನ್ನೆರಡು ಬೀಜದ ಕಾಯಿ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಪ್ಪಾದರೆ ಕ್ಷಮಿಸಬೇಕು. ಅಂದು ಶಿವಮೂರ್ತಿಯ ಅಟ್ಟ ಹತ್ತಿದ ಆರು ಜನರಲ್ಲಿ ನಾನೂ ಒಬ್ಬ.

ಬೇಸಿಗೆಯ ಬಿರುಗಾಳಿಗೆ ಅವನ ಬಾವಿ ಪಕ್ಕದ ಹಳೇ ತೆಂಗಿನಮರ ಉರುಳಿತ್ತು. ಅವನ ತಾಯಿ ಸಿದ್ದಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟ ಮರ. ಅದರ ಕೊನೆಯ ಗೊನೆಯಿಂದ ಹನ್ನೆರಡು ಕಾಯಿಗಳನ್ನು ಬೀಜಕ್ಕೆಂದು ಆರಿಸಿ, "ಜೋಪಾನ ಕಣ್ಲಾ" ಎಂದು ಮಗನ ಕೈಗಿಟ್ಟು, ಅವರು ಹುಳಿಯಾರಿನ ಮಗಳ ಮನೆಗೆ ಹೋಗಿದ್ದರು. ಬಿಸಿಲಿಗೆ ತೂಕಡಿಸುತ್ತಿದ್ದ ಶಿವಮೂರ್ತಿ ಅವನ್ನು ಬೇರೆ ಇಡಲು ಬೇಸರಪಟ್ಟು, ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಬಿಟ್ಟಿದ್ದ ಸಾವಿರಾರು ಕಾಯಿಗಳ ಜೊತೆಗೇ ಎಸೆದುಬಿಟ್ಟ.

ಮೊದಲ ಮಳೆ ಬಂತು. ಕಾವು ಇಳಿಯಿತು. ಊರಿಗೆ ಊರೇ ಕನಸಿನಿಂದೆದ್ದ ಹಾಗೆ ಗುದ್ದಲಿ ಹಿಡಿದು ತೋಟಕ್ಕೆ ನಡೆಯಿತು. ಸಿದ್ದಮ್ಮನವರ ಫೋನೂ ಬಂತು: "ಸಂಜೆ ಬಸ್ಸಿಗೆ ಬತ್ತೀನಿ. ಅಷ್ಟ್ರಲ್ಲಿ ಬೀಜದ ಕಾಯಿ ಮರಳು ಮಡೀಲಿ ಹೂತಿರು."

ಶಿವಮೂರ್ತಿ ಅಟ್ಟಕ್ಕೆ ಕತ್ತು ಚಾಚಿದ. ಕಾಯಿಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಅವನನ್ನೇ ನೋಡಿದವು.

"ಅದಕ್ಯಾಕ್ಲಾ ಅಳ್ತೀಯಾ? ಕಿವಿ ಇಲ್ವಾ?" ಎಂದರು ಪಕ್ಕದ ಮನೆಯ ಚಿಕ್ಕರಂಗಯ್ಯ. "ಅಲ್ಲಾಡ್ಸಿ ಕೇಳು. ಒಣಗಿದ್ದು ಗಡಗಡ ಅಂತದೆ, ಬೀಜದ್ದು ಗುಳುಗುಳು ಅಂತದೆ."

ಸುದ್ದಿ ಕೇಳಿ ಸೇರಿದ್ದ ನಾವು ನೆರೆಹೊರೆಯ ಆರೂ ಜನ ಹತ್ತಿದೆವು. ಹೆಂಚಿನ ಸಂದಿಯಿಂದ ಬಿಸಿಲಕೋಲು, ಕೆಳಗಿನಿಂದ ಒದ್ದೆ ಮಣ್ಣಿನ ವಾಸನೆ. ಕಿವಿಗೆ ಕಾಯಿ ಹಿಡಿದು, ಕಣ್ಣು ಮುಚ್ಚಿ, ದೂರದೂರಿನ ನೆಂಟರಿಗೆ ಫೋನು ಮಾಡಿದವರಂತೆ ಕೂತೆವು. ಬೋರನಕಣಿವೆ ಜಲಾಶಯದ ತೂಬು ಎಲ್ಲೋ ತೆರೆದ ಹಾಗೆ ನೀರಿನ ಸದ್ದು. ನನಗಂತೂ ಜೋಂಪು ಹತ್ತಿತು. ತೊಂದರೆಯೆಂದರೆ, ಈ ವರ್ಷ ಕೆಡವಿದ ಕಾಯಿಗಳೆಲ್ಲವೂ ಗುಳುಗುಳು ಎಂದವು.

"ಇದೇ ಕಣಪ್ಪ. ಸಿದ್ದಕ್ಕನ ದನಿ ಇದ್ದಂಗೈತೆ" ಎಂದರು ಚಿಕ್ಕರಂಗಯ್ಯ.

"ಹಂಗಾರೆ ಬೈತಿರಬೇಕಿತ್ತಲ್ಲ!" ಎಂದ ಪಂಪ್‌ಸೆಟ್ ರಿಪೇರಿಯ ರುದ್ರೇಶ.

ಮಧ್ಯಾಹ್ನ ದಾಟುವಾಗ ಹನ್ನೆರಡು ಕಾಯಿಗಳ ಬಗ್ಗೆ ಒಮ್ಮತವಾಯಿತು, ಬಹುಶಃ ಹಸಿವಿನಿಂದ. ಶಿವಮೂರ್ತಿ ಅವನ್ನು ಮರಳು ಮಡಿಯಲ್ಲಿ ಹೂತು ನೀರು ಹಾಕಿದ. ಬಂದವರನ್ನು ಬರಿಗೈಲಿ ಕಳಿಸಬಾರದಲ್ಲ, ಮೆಟ್ಟಿಲ ಕೆಳಗಿದ್ದ ಕುಕ್ಕೆಯಿಂದ ತಲಾ ಎರಡು ಕಾಯಿ ಕೊಟ್ಟ. ಕುಕ್ಕೆ ಖಾಲಿಯಾಯಿತು.

ಸಂಜೆ ಸಿದ್ದಮ್ಮ ಬಂದವರೇ ಮಡಿಯ ಮೇಲೆ ಕೈಯಾಡಿಸಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಹೊಲದಿಂದ ಬಂದ ಸೊಸೆ ಸರ್ವಮಂಗಳ ಮೆಟ್ಟಿಲ ಕೆಳಗೆ ಇಣುಕಿದಳು.

"ರೀ, ಕುಕ್ಕೇಲಿದ್ದ ಬೀಜದ ಕಾಯೆಲ್ಲಿ? ಬೆರೆತೋಗ್ತವೆ ಅಂತ ನೀವು ಎಸೆದ ದಿನಾನೇ ಅಟ್ಟದಿಂದ ಇಳಿಸಿಟ್ಟಿದ್ನಲ್ಲ!"

ಗೋಡೆಯಾಚೆಯಿಂದ ಚಿಕ್ಕರಂಗಯ್ಯನವರ ದನಿ ತೇಲಿಬಂತು: "ಶಿವಮೂರ್ತೀ, ಕಾಯಿ ಒಡೆದ್ರೆ ಒಳಗೆ ಆಗ್ಲೇ ಮೊಳಕೆ ಗೆಡ್ಡೆ ಕಟ್ಟೈತೆ ಕಣಪ್ಪ! ಬಲು ಸಿಹಿ. ಇನ್ನೆರಡಿದ್ರೆ ಕೊಡು!"

ಶಿವಮೂರ್ತಿ ಮನೆಮನೆಗೂ ಓಡಿದ. ಐದು ಮನೆಯಲ್ಲಿ ಕಾಯಿ ಒಡೆದಾಗಿತ್ತು. ನಮ್ಮ ಮನೆಯಲ್ಲಿ ಒಡೆದಿರಲಿಲ್ಲ. ಅವನ ಮುಖ ಅರಳಿತು. ನಾನು ತಲೆ ತಗ್ಗಿಸಿದೆ. ಮನೆಗೆ ಬಂದವನೇ ಎರಡನ್ನೂ ನಮ್ಮ ಅಟ್ಟದ ಕಾಯಿರಾಶಿಗೆ ಎಸೆದಿದ್ದೆ.

ಈಗ ದಿನಾ ಸಂಜೆ ಅವನು ಬರುತ್ತಾನೆ. ಇಬ್ಬರೂ ಅಟ್ಟದಲ್ಲಿ ಕೂತು ಕಾಯಿ ಅಲ್ಲಾಡಿಸುತ್ತೇವೆ. ಆ ಎರಡು ಯಾವುವು ಎಂದು ನನಗೆ ಗೊತ್ತಿಲ್ಲ.