ಅತ್ತೆಯ ಕಂಪ್ಯೂಟರಿನಲ್ಲಿ ಮಾತಾಡುವ ಫೋಟೋಗಳು

ನಮ್ಮ ಸೋದರತ್ತೆ ಒಂದು ದೆವ್ವ ಸಾಕಿದ್ದಾಳೆ ಎಂದು ಮಸ್ಕಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಮಾತ್ರ ಇದನ್ನು ಒಪ್ಪುವುದಿಲ್ಲ. ಆಕೆಯ ಜೊತೆ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಬಾಳುವ ತಾಕತ್ತು ಯಾವ ದೆವ್ವಕ್ಕಿದೆ ಹೇಳಿ! ಮೂರನೇ ದಿನಕ್ಕೇ ಗಂಟು ಕಟ್ಟಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿರುತ್ತಿತ್ತು. ಅಲ್ಲಿಗೆ ಹೋದರೂ ಪಾಪ, ಅದಕ್ಕೆ ಬಿಡುಗಡೆ ಇಲ್ಲ. ಲಿಂಗಸುಗೂರಿನ ಅರ್ಧ ಊರಿಗೆ ಟೈಪಿಂಗ್ ಕಲಿಸಿದವಳೇ ಈಕೆ.

ಆ ಕಾಲದಲ್ಲಿ ಆಕೆಯ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ಮಷೀನುಗಳು ಒಟ್ಟಿಗೆ ಬಡಿದುಕೊಂಡರೆ ಪಕ್ಕದ ಗಿರಣಿಯವನು ತನ್ನ ಗಿರಣಿ ನಿಂತುಹೋಗಿದೆ ಎಂದುಕೊಳ್ಳುತ್ತಿದ್ದನಂತೆ. ಕೀಲಿಗಳ ಮೇಲೆ ಬಟ್ಟೆ ಹಾಸಿ, "ಬೆರಳಿಗೆ ಕಣ್ಣು ಬರಬೇಕು!" ಎಂದು ಗದರುತ್ತಿದ್ದಳು. ಕಣ್ಣು ಬರದ ಬೆರಳಿಗೆ ಫೂಟುಪಟ್ಟಿ ಬರುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಈಗಲೂ ಒಂದೇ ಉತ್ತರ: "ಪುರುಸೊತ್ತು ಸಿಗಲಿಲ್ಲ." ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅಜ್ಜಿಯ ಊರಾದ ಮಸ್ಕಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲೇ ಒಂದು ಡಿಟಿಪಿ ಅಂಗಡಿ ತೆರೆದಳು. ಲಗ್ನಪತ್ರ, ಅರ್ಜಿ, ಪುಣ್ಯಸ್ಮರಣೆಯ ಕಾರ್ಡು, ಎಲ್ಲ ಅಲ್ಲೇ.

ಆ ಅಂಗಡಿಯಲ್ಲಿ ಮೌಸ್ ಇಲ್ಲ. ಕಂಪ್ಯೂಟರು ಇದೆ, ಮೌಸ್ ಇಲ್ಲ! ಪರದೆಯೋ, ಕಾಡಿಗೆ ಬಳಿದ ಹಾಗೆ ಕರ್ರಗೆ. ಅದರ ನಟ್ಟನಡುವೆ ಹುಣಸೆ ಬೀಜದಷ್ಟು ದಪ್ಪ ಹಸಿರು ಅಕ್ಷರಗಳ ಒಂದೇ ಒಂದು ಸಾಲು. ಅತ್ತೆ ಏನೋ ಹುಕುಂ ಟೈಪು ಮಾಡುತ್ತಾಳೆ. ಮಷೀನು ಒಂದು ಸಾಲಿನಲ್ಲಿ ಉತ್ತರ ಕೊಡುತ್ತದೆ. ಟೈಪು ಮಾಡುವಾಗ ಬಾಯಲ್ಲೂ ಗುನುಗುತ್ತಾಳೆ: "ಎಕ್ಸ್‌ಡಿಜಿ ಮೈಮ್... ಕ್ವೆರಿ... ಡಿಫಾಲ್ಟ್..." ಹೊರಗೆ ಕಟ್ಟೆಯ ಮೇಲೆ ಕೂತವರ ಕಿವಿಗೆ ಅದು ಹೇಗೆ ಬಿದ್ದಿರಬೇಡ! ಬೀಜಾಕ್ಷರ ಮಂತ್ರ ಎಂದೇ ಮಾತಾಯಿತು.

"ಅತ್ತಿ, ಇದೇನು ಜಪ?" ಎಂದು ನಾನೊಮ್ಮೆ ಕೇಳಿದೆ. ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಟೀಚರು. ಮಕ್ಕಳಿಗೆ ಕಂಪ್ಯೂಟರು ತೋರಿಸುವುದೂ ನನ್ನ ಕೆಲಸವೇ. ಹಾಗಾಗಿ ಸ್ವಲ್ಪ ಧಿಮಾಕು ಇತ್ತು ಅನ್ನಿ.

"ಪ್ರತಿ ಫೈಲಿಗೂ ಒಬ್ಬ ಯಜಮಾನ ಇರ್ತಾನಬೇ," ಎಂದಳು. "ಫೋಟೋ ಬಂದ್ರ ಯಾರು ತಗೀಬೇಕು, ಕಾಗದ ಬಂದ್ರ ಯಾರು ತಗೀಬೇಕು, ಮೊದಲಾ ಹೇಳಿಟ್ಟಿರಬೇಕು. ಅದನ್ನಾ ಬರದು ಹೇಳಾಕತ್ತೀನಿ. ಹೇಳಲಿಲ್ಲ ಅಂದ್ರ ಯಾರ್ಯಾರೋ ಬಂದು ಬಾಗಲಾ ತಗೀತಾರ."

ಕಡೆಯ ಮಾತಿಗೆ ನನ್ನ ಬೆನ್ನಲ್ಲಿ ಸಣ್ಣಗೆ ಚಳಿ ಹರಿಯಿತು. ಹೊರಗೆ ನೋಡಿದರೆ ಏಪ್ರಿಲ್ ಬಿಸಿಲು!

ಇಷ್ಟೇ ಆಗಿದ್ದರೆ ಊರವರು ಸುಮ್ಮನಿರುತ್ತಿದ್ದರೇನೋ. ಆದರೆ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಾಳೆ. ನೀವು ಸದ್ದಿಲ್ಲದೆ ಮೆಟ್ಟಿಲು ಹತ್ತಿದರೂ ತಿರುಗದೆಯೇ, "ಬಾರಪಾ, ಮೊಣಕಾಲು ಇನ್ನಾ ನೋಯ್ತೈತೇನು?" ಎನ್ನುತ್ತಾಳೆ. ನೋವು ನಿಜ, ಹೇಳಿದವರು ಯಾರೂ ಇಲ್ಲ! ಒಮ್ಮೆ ಎಮ್ಮೆ ಕಳೆದುಕೊಂಡ ಹೆಂಗಸೊಬ್ಬಳು ಸೆರಗೊಡ್ಡಿ ಬಂದು ನಿಂತಳು.

"ಅಕ್ಕಾರ, ನಮ್ಮ ಎಮ್ಮಿ ಎಲ್ಲೈತಿ, ಒಳಗಿನವರನ್ನ ಕೇಳ್ರಿ."

"ಇದು ಎಮ್ಮಿ ಹುಡುಕೂದಲ್ಲವಾ."

"ಒಂದ ಸಲ ಕೇಳ್ರೆಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಬೇಸತ್ತು 'ಎಮ್ಮೆ' ಎಂದು ಟೈಪು ಮಾಡಿ ಹುಡುಕು ಎಂದಳು. ಅಂಥದ್ದೇನೂ ಇಲ್ಲ ಎಂದು ಮಷೀನು ಒಂದು ಸಾಲು ತೋರಿಸಿತು. "ಇದರೊಳಗಿಲ್ಲವಾ. ಹೊರಗ ಹುಡುಕು," ಎಂದು ಅತ್ತೆ ಕಳಿಸಿಬಿಟ್ಟಳು. ಅವಳು ಹೊರಗೆ ಹುಡುಕಿದಳು. ಎಮ್ಮೆ ಹೊರಗೇ ಇತ್ತು! ಮರುದಿನ ಒಂದು ಚರಿಗೆ ಗಿಣ್ಣ ಬಂತು. ಎಮ್ಮೆ ಕರು ಹಾಕಿತ್ತಂತೆ. ಅಲ್ಲಿಂದ ಮಷೀನಿನ ಕೀರ್ತಿ ತುಂಗಭದ್ರಾ ಕಾಲುವೆಯ ಹಾಗೆ ಹಳ್ಳಿಹಳ್ಳಿಗೆ ಹರಿಯಿತು.

ನಾನು ನಗುತ್ತಿದ್ದೆ. ಹೋದ ಬೇಸಿಗೆ ರಜೆಯ ತನಕ.

ರಜೆಗೆ ಅತ್ತೆಯ ಮನೆಗೆ ಹೋಗಿದ್ದೆ. ವ್ಯಾನಿಟಿ ಬ್ಯಾಗಿನಲ್ಲಿ ಒಂದು ಮೌಸ್ ಬಚ್ಚಿಟ್ಟುಕೊಂಡಿದ್ದೆ. ಕಳ್ಳಬಟ್ಟಿ ಸಾಗಿಸುವವರಿಗೂ ಅಷ್ಟು ಎದೆ ಹೊಡೆದುಕೊಳ್ಳಲಿಕ್ಕಿಲ್ಲ! ಮಟಮಟ ಮಧ್ಯಾಹ್ನ. ಗುಡ್ಡದ ಬಂಡೆಗಳು ಕಾದು ಊರಿಗೆಲ್ಲ ಬಿಸಿಯುಸಿರು ಬಿಡುತ್ತಿದ್ದವು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಅತ್ತೆ ಒಳಗೆ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ನಾನು ಮೌಸ್ ಸಿಕ್ಕಿಸಿ, ಹಳೆಯ ಫೋಟೋಗಳ ಒಂದು ಫೋಲ್ಡರು ಹುಡುಕಿ, ಮೊದಲನೆಯದನ್ನು ಒತ್ತಿದೆ.

ಫೋಟೋ ಬರಲಿಲ್ಲ. ಪರದೆ ಕರ್ರಗೇ ಇತ್ತು. ಒಂದು ಕ್ಷಣ ಬಿಟ್ಟು, ನೆಗಡಿಯಾದ ಗಂಡಸೊಬ್ಬ ಬಾವಿಯೊಳಗಿಂದ ಮಾತಾಡಿದ ಹಾಗೆ, ಏರಿಳಿತವಿಲ್ಲದ ಒಂದು ದನಿ ಬಂತು.

"ನಾಕು ಮಂದಿ. ಎಡಗಡೆ ನಿಂತಾಕಿ ನಮ್ಮವ್ವ. ಹಸರು ಸೀರಿ. ಕಂಕುಳಾಗ ಕೂಸು. ಎಲ್ಲಾರೂ ಅತ್ತ ನೋಡಾಕತ್ತಾರ. ಕೂಸು ಇತ್ತ ನೋಡಾಕತ್ತೈತಿ."

ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವಳ ಕಂಕುಳಲ್ಲಿದ್ದ ಕೂಸು ನಾನೇ. ಆದರೂ ಹಾಳು ಬೆರಳು ಇನ್ನೊಂದನ್ನು ಒತ್ತಿತು.

"ಖಾಲಿ ಕುರ್ಚಿ. ಈಗ ಎದ್ದು ಹೋಗ್ಯಾರ."

ನಾನೂ ಎದ್ದು ಹೋದೆ. ಅಡುಗೆಮನೆ ಸೇರಿದ್ದು ನಡೆದೋ ಹಾರಿಯೋ ನೆನಪಿಲ್ಲ.

"ಅತ್ತಿ! ಅಂಗಡ್ಯಾಗ ಯಾರೋ ಗಂಡಸು ಮಾತಾಡಾಕತ್ತಾನ!"

"ಏನಂದ?"

"ಖಾಲಿ ಕುರ್ಚಿ ಅಂದ. ಈಗ ಎದ್ದು ಹೋಗ್ಯಾರ ಅಂದ!"

"ಅದಾ? ಅದು ನಮ್ಮಪ್ಪನ ಕುರ್ಚಿ," ಎಂದು ಅತ್ತೆ ಬಜ್ಜಿ ತಿರುವಿ ಹಾಕಿದಳು. "ಉಪ್ಪು ಸಾಕಾ ನೋಡು."

ಆಮೇಲೆ ನಿಧಾನಕ್ಕೆ ಹೇಳಿದಳು. ಹಳೆಯ ಶಿಷ್ಯನೊಬ್ಬನಿಂದ ಫೋನಿನಲ್ಲಿ ಕೇಳಿ ಕಲಿತು, ಎಲ್ಲಾ ಫೈಲುಗಳಿಗೂ ಓದಿ ಹೇಳುವ ಪ್ರೋಗ್ರಾಮನ್ನೇ ಯಜಮಾನ ಮಾಡಿಟ್ಟಿದ್ದಾಳೆ. ಯಾವ ಫೈಲು ತೆರೆದರೂ ಆ ದನಿ ಓದುತ್ತದೆ. "ಓದಾಕ ಬರದ ಮಂದಿ ಭಾಳ ಬರ್ತಾರ. ಲಗ್ನಪತ್ರದಾಗ ತಪ್ಪಿದ್ರ ಕೇಳಿ ಹೇಳ್ಲಿ ಅಂತ." ಸರಿ, ಕಾಗದಕ್ಕೆ ಅದು ಒಪ್ಪತಕ್ಕದ್ದೇ. ಫೋಟೋ ಯಾಕೆ ಮಾತಾಡಬೇಕು? ಅದಕ್ಕೆ ಉತ್ತರವಾಗಿ ಇನ್ನೊಂದು ಬಜ್ಜಿ ಬಂತು.

ಮರುದಿನ ಲಿಂಗಸುಗೂರಿನ ಶಿಷ್ಯೆಯೊಬ್ಬಳು ಕಾರು ತಂದು, ಮುದಗಲ್ಲಿನಲ್ಲಿ ತನ್ನ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಅತ್ತೆಯನ್ನು ಕರೆದುಕೊಂಡು ಹೋದಳು. ಎರಡು ದಿನ ಅಂಗಡಿ ನನ್ನ ಕೈಯಲ್ಲಿ. ಯಾರದೋ ಅರ್ಜಿ ತೆರೆದರೆ ದನಿ, ಯಾರದೋ ಆಧಾರ್ ಕಾರ್ಡು ತೆರೆದರೆ ದನಿ. ಒಂದು ಫೋಟೋ ಮಾತ್ರ ಏನನ್ನೂ ಹೇಳದೆ ಸುಮ್ಮನೆ ಉಸಿರಾಡಿದ ಹಾಗೆ ಸದ್ದು ಮಾಡಿ ನಿಂತಿತು. ಆಗ ನನ್ನ ಧೈರ್ಯ ಮುಗಿಯಿತು. ಮೌಸ್ ಹಿಡಿದು, ಫೋಟೋಗೆ ಫೋಟೋ ತೋರಿಸುವ ಪ್ರೋಗ್ರಾಮು, ಕಾಗದಕ್ಕೆ ಕಾಗದ ತೋರಿಸುವ ಪ್ರೋಗ್ರಾಮು ಎಂದು ಒಂದೊಂದನ್ನೇ ಬದಲಿಸಿದೆ. ಕೊನೆಗೆ ಅಂಗಡಿ ಮೌನವಾಯಿತು. ಶಾಲೆಯ ಲ್ಯಾಬಿನ ಹಾಗೆ ಅಚ್ಚುಕಟ್ಟು! ಅತ್ತೆ ನೋಡಿ ಮೆಚ್ಚುತ್ತಾಳೆ ಎಂದೇ ತಿಳಿದಿದ್ದೆ. ನನ್ನ ಬುದ್ಧಿಗೆ ಏನೆನ್ನಬೇಕು?

ಅತ್ತೆ ಮರಳಿ ಬಂದು ಕೈಕಾಲು ತೊಳೆದು ಕೂತಳೋ ಇಲ್ಲವೋ, ಒಬ್ಬ ಕುರಿಗಾರ ಅಜ್ಜ ಬಂದ. ಹೆಗಲ ಮೇಲೆ ಕಂಬಳಿ, ಮುಖದ ತುಂಬ ನಗು. ಮೊಮ್ಮಗಳ ಲಗ್ನಪತ್ರ ಹಿಂದಿನ ವಾರವೇ ಟೈಪಾಗಿತ್ತು. ಇವತ್ತು ಒಮ್ಮೆ ಕೇಳಿಸಿಕೊಂಡು, ಛಾಪಿಸಲಿಕ್ಕೆ ಹೂಂ ಅನ್ನುವುದಷ್ಟೇ ಬಾಕಿ. ಅತ್ತೆ ಅಜ್ಜನ ಊರಿನ ಹೆಸರು, ನಂಬರು ಟೈಪು ಮಾಡಿ ಗುಂಡಿ ಒತ್ತಿದಳು. ಕಿವಿ ಕೊಟ್ಟು ಕೂತಳು.

ದನಿ ಬರಲಿಲ್ಲ.

"ಅಕ್ಕಾರ, ಒಳಗಿನವ ಇವತ್ತು ಮಾತಾಡವಲ್ಲ?" ಎಂದ ಅಜ್ಜ.

ಅತ್ತೆಯ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. "ಅವಂಗ ಗಂಟಲಾ ಕಟ್ಟೈತಿ," ಎಂದಳು. "ನಾನಾ ಓದ್ತೀನಿ, ಕೇಳು."

ಪರದೆಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ವಧುವಿನ ಹೆಸರು, ವರನ ಹೆಸರು, ಮುಹೂರ್ತ, ಸ್ಥಳ. ತಾವು ಸಹಕುಟುಂಬ ಸಮೇತರಾಗಿ ಬಂದು ವಧುವರರನ್ನು ಹರಸಬೇಕು. ಒಂದು ಅಕ್ಷರ ತಡವರಿಸದೆ ಸೊಗಸಾಗಿ ಓದಿದಳು. ನಾನು ಪಕ್ಕದಲ್ಲಿ ನಿಂತು ಪರದೆ ನೋಡಿದೆ.

ಪರದೆಯ ಮೇಲೆ ಕಪ್ಪು ಅಂಚಿನ ಕಾರ್ಡು. ನಡುವೆ ಹಾರ ಹಾಕಿದ ಮುದುಕಿಯೊಬ್ಬಳ ಫೋಟೋ. ಮೇಲೆ ದೊಡ್ಡದಾಗಿ, 'ಪ್ರಥಮ ಪುಣ್ಯಸ್ಮರಣೆ'.

ಸತ್ತ ಮುದುಕಿ ಗಾಜಿನೊಳಗಿಂದ ನಮ್ಮನ್ನೇ ದಿಟ್ಟಿಸುತ್ತಿದ್ದಳು. ಅತ್ತೆ ಅವಳ ಮುಖಕ್ಕೆ ಮುಖ ಕೊಟ್ಟು, ಬೀಗರ ಊಟಕ್ಕೆ ಕರೆಯುತ್ತಿದ್ದಳು.

ಅಜ್ಜನಿಗೆ ಓದು ಬರುವುದಿಲ್ಲ, ಆದರೆ ಕಣ್ಣು ಚುರುಕು. ಮುಂದೆ ಬಾಗಿದ. "ಅಕ್ಕಾರ, ಇಕಿ ನಮ್ಮೂರ ಗೌಡರ ಅವ್ವ ಅಲ್ಲೇನ್ರಿ? ಸತ್ತು ವರ್ಷ ಆಗಾಕ ಬಂತಲ್ರಿ! ನಮ್ಮ ಲಗ್ನಪತ್ರದಾಗ ಯಾಕ ಬಂದು ಕುಂತಾಳ?"

ಅತ್ತೆ ಮಾತು ನಿಲ್ಲಿಸಿದಳು. ಆಕೆಯ ಅಂಥ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಜ್ಜ ಹೇಳಿದ್ದು ಹೌದೋ ಅಲ್ಲವೋ ಎಂದು ನನ್ನ ಕಡೆ ಕೇಳುವ ಮುಖ. ಅದೂ ಸರಿಯಾಗಿ ನನ್ನ ಕಡೆಗಲ್ಲ, ನನಗಿಂತ ಒಂದು ಮೊಳ ಆಚೆಗೆ.

ಒಂದಂಕಿ ತಪ್ಪು ಒತ್ತಿದ್ದು ಅತ್ತೆ, ಅದನ್ನು ಹೇಳಬೇಕಾದ ದನಿಯನ್ನು ಅಡಗಿಸಿದವಳು ನಾನು. "ಅಜ್ಜಾ, ಇದು ನನ್ನ ತಪ್ಪು," ಎಂದೆ. "ನಿಮ್ಮೂರಿಂದಾ ಎರಡು ಕಾರ್ಡಿದ್ವು, ನಾನಾ ಅದಲು ಬದಲು ಮಾಡೀನಿ. ನೀವೊಂದು ಚಾ ಕುಡದು ಬರ್ರಿ."

"ಅಪಶಕುನ ಆಗಂಗಿಲ್ಲಲ್ಲವಾ ತಂಗಿ?"

"ಹಿರ್ಯಾಕಿ ತಾನಾಗಿ ಬಂದು ಹರಸಿ ಹೋಗ್ಯಾಳ," ಎಂದಳು ಅತ್ತೆ, ದನಿ ಮತ್ತೆ ಗಟ್ಟಿ ಮಾಡಿಕೊಂಡು. "ಇದಕ್ಕಿಂತ ಚಲೋ ಶಕುನ ಬೇಕೇನು? ಹೋಗು, ಚಾ ಕುಡಿ."

ಅಜ್ಜ ಸಮಾಧಾನವಾಗಿ ಹೋದ. ಅತ್ತೆ ತನ್ನ ಕರಿಪರದೆಗೆ ಹೋಗಿ, ಕಾಗದಗಳ ಯಜಮಾನ ಯಾರೆಂದು ಕೇಳಿದಳು. ಮಷೀನು ನಾನು ಕೂರಿಸಿದ್ದ ಹೆಸರು ಹೇಳಿತು. ಆಕೆ ಸಾಲಿನ ಹತ್ತಿರ ಮೂಗು ಒಯ್ದು, ಒಂದೊಂದೇ ಅಕ್ಷರ ದಾಟಿಕೊಂಡು ಓದಿದಳು.

"ನೀ ಬದಲಿಸಿದೇನು?"

"ಹೂಂ ಅತ್ತಿ." ಮೌಸ್ ಬಿಚ್ಚಿ ಪಕ್ಕಕ್ಕಿಟ್ಟೆ. "ಅತ್ತಿ... ನಿನಗ ಕಾಣಂಗಿಲ್ಲ."

ಅತ್ತೆ ಬೈಯಲಿಲ್ಲ. ಮೇಜಿನ ಮೇಲಿನ ಕಾಗದವೊಂದನ್ನು ಕೊಳವೆಯ ಹಾಗೆ ಸುತ್ತಿ ನನ್ನ ಕಣ್ಣಿಗೆ ಹಿಡಿದಳು. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿದಳು. ಕೀಬೋರ್ಡಿನ ಒಂದೇ ಒಂದು ಅಕ್ಷರ ಕಂಡಿತು. ಸುತ್ತ ಇದ್ದ ಅಂಗಡಿ, ಬಾಗಿಲು, ಅತ್ತೆ, ಯಾವುದೂ ಇಲ್ಲ.

"ಇಷ್ಟಾ ಉಳದೈತಿ," ಎಂದಳು. "ಕಣ್ಣಿನ ಒತ್ತಡ ಅಂತ. ಅಂಚಿಂದ ತಿನ್ಕೊಂತ ಬರ್ತೈತಿ. ಹೋಗಿದ್ದು ಬರಂಗಿಲ್ಲ, ಇದ್ದದ್ದು ಉಳಿಸ್ಕೋ ಅಂದಾರ ಡಾಕ್ಟ್ರು. ಹನಿ ಹಾಕ್ಕೋತೀನಿ. ಆ ನಿನ್ನ ಮೌಸಿನ ಬಾಣ ಎಲ್ಲಿ ಹೋಗಿ ಕುಂತೈತಿ ಅಂತ ಎಲ್ಲೀತನಕ ಹುಡುಕ್ಲಿ? ಸಾಲು ಆದ್ರ ಇದ್ದಲ್ಲೇ ಇರ್ತೈತಿ. ಬೆರಳಿಗಂತೂ ಕಣ್ಣದಾವ. ಟೈಪು ಮಾಡಿದ್ದು ಬಾಯಿಪಾಠ ಇರ್ತೈತಿ, ಬಂದವರು ಯಾರಂತ ಹೆಜ್ಜಿ ಸಪ್ಪಳಾ ಹೇಳ್ತೈತಿ."

"ಯಾರಿಗೂ ಯಾಕ ಹೇಳಲಿಲ್ಲ?"

"ಕಾಣದಾಕಿ ಹತ್ರ ಲಗ್ನಪತ್ರ ಯಾರು ಮಾಡಿಸ್ತಾರಬೇ? ದೆವ್ವ ಐತಿ ಅಂದ್ರ ನಾಕು ಮಂದಿ ಹೆಚ್ಚಿಗೀನಾ ಬರ್ತಾರ!"

ನಗುವುದೋ ಅಳುವುದೋ ತಿಳಿಯದೆ ನಾನು ಕೀಬೋರ್ಡಿನ ಮುಂದೆ ಕೂತೆ. "ನೀನಾ ಬರಿ. ಮುಂದ ಈ ಸಾಲೂ ಕಾಣದಿದ್ರ ನಿನಗಾ ಗೊತ್ತಿರಬೇಕು," ಎಂದು ಅತ್ತೆ ಹೇಳುತ್ತಾ ಹೋದಳು, ಕಾಗದಕ್ಕೆ ಒಂದು ಸಾಲು, ಅರ್ಜಿಗೆ ಒಂದು ಸಾಲು, ನಾನು ಟೈಪು ಮಾಡಿದೆ. ಹುಕುಮಿನ ನಡುವೆ ಬರುವ ಅಡ್ಡಗೀಟು ಬಿಟ್ಟರೆ ಕೀಲಿಯ ಸದ್ದಿನಲ್ಲೇ ಗುರುತಿಸಿ ಮೊಣಕೈಗೆ ತಿವಿದಳು. ಅಜ್ಜ ಚಾ ಕುಡಿದು ಬರುವಷ್ಟರಲ್ಲಿ ದನಿ ಮರಳಿತ್ತು. ಮೊಮ್ಮಗಳ ಲಗ್ನಪತ್ರವನ್ನು ಎರಡು ಸಲ ಕೇಳಿ, ಕಣ್ಣೊರೆಸಿಕೊಂಡು, "ಛಾಪಿಸ್ರೀ" ಎಂದ.

ಕೊನೆಗೆ ಫೋಟೋಗಳ ಸಾಲು ಬಂತು. ಮಷೀನಿಗೆ ಫೋಟೋ ಓದಲು ಬರುವುದಿಲ್ಲ. ಅದಕ್ಕೇ, ಕಣ್ಣು ಹೋಗುತ್ತಿದೆ ಎಂದು ತಿಳಿದ ದಿನದಿಂದ ಅತ್ತೆ ಮನೆಯ ಒಂದೊಂದೇ ಫೋಟೋ ಮುಂದಿಟ್ಟುಕೊಂಡು, ಅದರಲ್ಲಿ ಕಂಡದ್ದನ್ನೆಲ್ಲ ಟೈಪು ಮಾಡಿಟ್ಟಿದ್ದಳು. ಯಾರು ಎಲ್ಲಿ ನಿಂತಿದ್ದಾರೆ, ಸೀರೆಯ ಬಣ್ಣ ಯಾವುದು, ಯಾರು ನಗುತ್ತಿದ್ದಾರೆ. ಇನ್ನು ಮುಂದೆ ಫೋಟೋ ತೆರೆದರೆ ಆ ಬರಹ ಕೇಳಬೇಕೆಂದು. ಗಿರಾಕಿಗಳ ಫೋಟೋಗೆ ಬರಹವಿಲ್ಲ. ಓದಲು ಏನೂ ಸಿಗದಿದ್ದರೆ ಸ್ಪೀಕರು ಬರೀ ಸುಯ್ ಎನ್ನುತ್ತದೆ. ಆ ದಿನ ನನ್ನನ್ನು ಹೆದರಿಸಿದ ಉಸಿರು ಅದೇ.

"ಮುದಗಲ್ಲಿನಾಗ ಒಂದು ತಗದಾರ," ಎಂದು ಅತ್ತೆ ತನ್ನ ಫೋನು ನನ್ನ ಕೈಗಿಟ್ಟಳು. "ಇದು ನನಗ ಕಾಣಂಗಿಲ್ಲ. ನೀ ಬರಿ. ಸುಳ್ಳು ಬರೀಬ್ಯಾಡ ನೋಡು ಮತ್ತ."

ನಾನು ಬಹಳ ಹೊತ್ತು ಆ ಫೋಟೋ ನೋಡಿದೆ. ನಿಧಾನವಾಗಿ ಟೈಪು ಮಾಡಿ ಗುಂಡಿ ಒತ್ತಿದೆ. ಆ ಏರಿಳಿತವಿಲ್ಲದ ದನಿ ಓದಿತು:

"ತೊಟ್ಟಿಲ ಮುಂದ ಅತ್ತಿ ಕುಂತಾಳ. ಕೂದಲಾ ಪೂರಾ ಬೆಳ್ಳಗಾಗ್ಯಾವ. ತೊಡಿ ಮ್ಯಾಲ ಕೂಸು ಐತಿ. ಕೂಸು ಎರಡೂ ಕೈಲೆ ಅತ್ತಿ ಮುಖಾ ಹಿಡಕೊಂಡೈತಿ. ಅತ್ತಿ ಕಣ್ಣು ಮುಚ್ಯಾಳ. ಭಾಳ ಚಂದ ಕಾಣಾಕತ್ತಾಳ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಹೊರಗೆ ಸಿಂಧನೂರಿನ ಬಸ್ಸು ಹಾರ್ನು ಹೊಡೆದು ಹೋಯಿತು.

"ಇನ್ನೊಂದ ಸಲ ಹಾಕು," ಎಂದಳು.