ಮಾವನವರ ಮೂಗು ಮತ್ತು ಗುಂಡ್ಯಾನ ಲಾಟ್ ನಂಬರುಗಳು

ನಮ್ಮ ಮಾವನವರು ಎಲ್ಲಿಗೇ ಹೋಗಲಿ, ಅವರ ಮೂಗು ಅರ್ಧ ನಿಮಿಷ ಮೊದಲೇ ಅಲ್ಲಿಗೆ ತಲುಪಿರುತ್ತದೆ! ಇದು ಸೊಸೆಯ ಕುಚೋದ್ಯ ಎನ್ನುವವರು ಒಮ್ಮೆ ಹಾವೇರಿಯ ನಮ್ಮ ಮನೆಗೆ ಊಟಕ್ಕೆ ಬರಬೇಕು. ನೀವಿನ್ನೂ ಗೇಟಿನ ಬಳಿ ಚಪ್ಪಲಿ ಬಿಡುತ್ತಿರುತ್ತೀರಿ, ಒಳಗಿನಿಂದ ಧ್ವನಿ ಬರುತ್ತದೆ: "ಬರ್ರಿ, ಬರ್ರಿ. ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ತಿಂದು ಬಂದೀರೇನ್ರಿ?" ನೀವು ಬಾಯಿ ಮುಕ್ಕಳಿಸಿರುತ್ತೀರಿ, ಮೇಲೆ ಎಲೆ ಅಡಿಕೆಯನ್ನೂ ಹಾಕಿಕೊಂಡಿರುತ್ತೀರಿ. ಏನು ಪ್ರಯೋಜನ?

ಈ ಮೂಗು ಸುಮ್ಮನೆ ಬಂದದ್ದಲ್ಲ. ಸುಮಾರು ನಲವತ್ತು ವರ್ಷ ಬ್ಯಾಡಗಿಯ ಮಾರುಕಟ್ಟೆಯಲ್ಲಿ, ಒಂದು ಅಂಗಡಿಯಲ್ಲಿ, ಮೆಣಸಿನಕಾಯಿಯ ದರ್ಜೆ ನೋಡಿ ಹೇಳುವುದೇ ಅವರ ಕೆಲಸವಾಗಿತ್ತು. ರೈತರು ಚೀಲ ಸುರುವಿ ರಾಶಿ ಹಾಕುವುದು, ಪ್ರತಿ ರಾಶಿಗೂ ಒಂದು ಲಾಟ್ ನಂಬರು ಬೀಳುವುದು, ಮಾವನವರು ಒಂದು ಕಾಯಿ ಮುರಿದು ಮೂಗಿಗೆ ಹಿಡಿದು ಕಣ್ಣು ಮುಚ್ಚುವುದು. "ಗಳಗನಾಥ ಕಡೀದು. ಎರಡು ದಿನದ ಬಿಸಲು ಕಡಿಮಿ ಬಿದ್ದೈತಿ" ಎಂದರೆ ಮುಗಿಯಿತು, ರೈತ ತಲೆ ಕೆರೆದುಕೊಂಡು ಹೌದು ಎನ್ನುತ್ತಿದ್ದನಂತೆ. ಬ್ಯಾಡಗಿಯಲ್ಲಿ ಕಾಯಿಗೆ ಮುಖ್ಯವಾಗಿ ಎರಡು ಜಾತಿ. ಗಿಡ್ಡಗೆ, ದಪ್ಪಗೆ, ಗಮ್ಮೆನ್ನುವುದು ಡಬ್ಬಿ. ಉದ್ದಕ್ಕೆ, ತೆಳ್ಳಗೆ ಇರುವುದು ಕಡ್ಡಿ. ನಮ್ಮ ಮಾವನವರ ಪ್ರಕಾರ ಈ ಜಗತ್ತಿನಲ್ಲಿರುವ ಸಕಲ ವಸ್ತುಗಳೂ ಒಂದೋ ಡಬ್ಬಿ, ಇಲ್ಲವೇ ಕಡ್ಡಿ. ನನ್ನನ್ನು ನೋಡಲು ಬಂದ ದಿನ ನನಗೆ ಯಾವ ದರ್ಜೆ ಸಿಕ್ಕಿತೆಂದು ನಾನು ಇವತ್ತಿಗೂ ಕೇಳಿಲ್ಲ, ಧೈರ್ಯವಿಲ್ಲ!

ಅತ್ತೆ ತೀರಿಕೊಂಡ ಮೇಲೆ ಅವರು ಕೆಲಸ ಬಿಟ್ಟು ನಮ್ಮ ಜೊತೆ ಇರಲು ಬಂದರು. ಆದರೆ ಕೆಲಸವಿಲ್ಲದ ಮೂಗು ಮನೆಯಲ್ಲಿದ್ದರೆ ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ನಾನು ಸಾರಿಗೆ ಇಂಗು ಹಾಕುವುದನ್ನು ಮರೆತರೆ ಓಣಿಯ ತುದಿಯಿಂದಲೇ ಗೊತ್ತಾಗುತ್ತಿತ್ತು. ಹೈಸ್ಕೂಲು ಮಾಸ್ತರರಾದ ನನ್ನ ಗಂಡ ಸಾಕ್ಸ್ ಬದಲಿಸಿ ಎಷ್ಟು ದಿನವಾಯಿತೆಂಬುದು ಇಡೀ ಮನೆಗೆ ಜಾಹೀರಾಗುತ್ತಿತ್ತು. ಇಂಥ ಮನೆಗೆ ನಮ್ಮ ಮಗಳು ಗೆಳತಿಯ ಮನೆಯಿಂದ ಒಂದು ಬೆಕ್ಕಿನ ಮರಿಯನ್ನು ತಂದಳು. ಹೆಸರು ಗುಂಡ್ಯಾ. ಅದಕ್ಕೊಂದು ಪ್ಲಾಸ್ಟಿಕ್ ಟ್ರೇ, ಟ್ರೇ ತುಂಬಾ ಲ್ಯಾವೆಂಡರ್ ಪರಿಮಳದ ಮರಳು. ಮಾವನವರು ಬಗ್ಗಿ ಮೂಸಿ ನೋಡಿ ಹಿಂದೆ ಸರಿದರು.

"ಯವ್ವಾ, ಇದೇನ ಇದು? ಬೆಕ್ಕಿನ ಪಾಯಖಾನಿಗೆ ಅತ್ತರಾ?"

"ಅಜ್ಜಾ, ಅದು ವಾಸನಿ ಬರಬಾರದಂತ" ಎಂದಳು ಮಗಳು.

"ನಿನಗ ಬರೂದಿಲ್ಲ. ಅದಕ್ಕ ಬರತೈತಲ್ಲಾ! ಅದರ ಮೂಗು ನನ್ನಕಿಂತ ಚಲೋ ಇರತೈತಿ."

ನಾವು ನಕ್ಕೆವು. ಒಂದೂವರೆ ವರ್ಷ ಗುಂಡ್ಯಾ ಲ್ಯಾವೆಂಡರನ್ನು ಸಹಿಸಿಕೊಂಡಿತು. ಆಮೇಲೆ ಒಂದು ದಿನ ಸೋಫಾದ ಮೂಲೆಯಲ್ಲಿ ಒದ್ದೆ. ಮರುದಿನ ಕಾಲೊರೆಸುವ ಚೀಲದ ಮೇಲೆ. ಮೂರನೆಯ ದಿನ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ! ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಎದುರು ಮನೆಯಾಕೆ ತಮ್ಮನ ಮದುವೆಗೆಂದು ಕೊಟ್ಟ ಬಟ್ಟೆಯನ್ನು ಮೂರು ಸಲ ತೊಳೆದು, ಮಾವನವರ ಮುಂದೆ ಹಿಡಿದು, ಅವರು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಹೊಲಿದು ಕೊಟ್ಟೆ. ಮದುವೆಯಲ್ಲಿ ಎಲ್ಲರೂ ಆ ಬ್ಲೌಸನ್ನು ಬಹಳ ಹೊಗಳಿದರಂತೆ. ನಾನು ಆ ಮದುವೆಗೆ ಹೋಗಲಿಲ್ಲ.

ನಾವು ಹೀಗೆ ತಲೆ ಮೇಲೆ ಕೈಹೊತ್ತು ಕುಳಿತಿದ್ದರೆ ಮಾವನವರ ಮುಖದಲ್ಲಿ ಎಂಥ ಕಳೆ! ಮೂಗಿಗೆ ಮತ್ತೆ ಕೆಲಸ ಸಿಕ್ಕಿತ್ತಲ್ಲ. ಬೆಳಿಗ್ಗೆ ಎದ್ದವರೇ ಮಗನ ಚಾಕ್‌ಪೀಸ್ ಹಿಡಿದು ಮನೆಯೆಲ್ಲ ಸುತ್ತುವರು. ಒದ್ದೆ ಸಿಕ್ಕಲ್ಲಿ ಬಗ್ಗಿ ಮೂಸುವರು, ಕಣ್ಣು ಮುಚ್ಚುವರು, ಸುತ್ತ ಒಂದು ದುಂಡು ಗೆರೆ ಎಳೆದು ಲಾಟ್ ನಂಬರು ಬರೆಯುವರು.

"ಲಾಟ್ ನಂಬರ್ ಏಳು. ನಿನ್ನೀದು. ಡಬ್ಬಿ."

"ಲಾಟ್ ನಂಬರ್ ಎಂಟು. ಇದು ಈಗಿಂದು. ಕಡ್ಡಿ."

ಗಾಢ ವಾಸನೆಯದು ಡಬ್ಬಿ, ವಾಸನೆ ಕಡಿಮೆ ಇದ್ದರೆ ಕಡ್ಡಿ. ಡಬ್ಬಿ ಹೆಚ್ಚಾಗಿ ಪಡಸಾಲೆಯಲ್ಲಿ ಸಿಗುತ್ತಿತ್ತು. ಕಡ್ಡಿ ಸಿಗುತ್ತಿದ್ದುದು ಮಾವನವರ ಕೋಣೆಯಲ್ಲಿ, ಅಲ್ಲಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮತ್ತೆ ಎರಡು ಮೂರು ಸಲ ಅವರ ಹಾಸಿಗೆಯ ಮೇಲೆ. "ಅಜ್ಜನ್ನ ಕಂಡ್ರ ಗುಂಡ್ಯಾಗ ಭಾಳ ಪ್ರೀತಿ" ಎಂದು ಮಗಳು ನಗುತ್ತಿದ್ದಳು. ಕಡ್ಡಿಯನ್ನು ಒರೆಸಲು ಮಾವನವರು ನನಗೆ ಬಿಡುತ್ತಲೇ ಇರಲಿಲ್ಲ. ತಾವೇ ಬಕೆಟ್ಟು ತಂದು, ತಾವೇ ಒರೆಸಿ, ಧೋತರವನ್ನು ತಾವೇ ಹಿಂಡಿ ಹಾಕುವರು. "ಇರ್ಲಿ ಬಿಡವ್ವಾ, ನಿನಗ ಹೊಲಿಗಿ ಕೆಲಸ ಐತಿ" ಎನ್ನುವರು. ಇಂಥ ಮಾವ ಯಾರಿಗೆ ಸಿಗುತ್ತಾರೆ ಎಂದು ನಾನು ತವರಿಗೆ ಫೋನ್ ಮಾಡಿ ಹೇಳಿಕೊಂಡೆ.

ಪತ್ತೆ ಮಾಡಿದರೆ ಆಯಿತೇ? ಪರಿಹಾರ ಬೇಡವೇ? ಅದನ್ನೂ ಅವರೇ ಕಂಡುಹಿಡಿದರು. ಬೆಕ್ಕು ಹೋಗುವ ಮೂಲೆಗಳಿಗೆಲ್ಲ ಮೆಣಸಿನ ಪುಡಿ ಉದುರಿಸುವುದು! ಊರವರೆಲ್ಲ ಇಂಥದ್ದಕ್ಕೆ ಗುಂಟೂರು ಕಡೆಯ ಖಾರದ ಪುಡಿ ಹಾಕಿಯಾರು. ನಮ್ಮ ಮಾವನವರು ಬ್ಯಾಡಗಿ ಬಿಟ್ಟು ಬೇರೆ ಪುಡಿಯನ್ನು ಮನೆಯೊಳಗೆ ಬಿಟ್ಟುಕೊಂಡಾರೆಯೇ? ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಅಷ್ಟಕ್ಕಷ್ಟೇ ಎಂದು ಜೀವನವಿಡೀ ಹೇಳಿಕೊಂಡು ಬಂದವರಿಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಗುಂಡ್ಯಾ ಒಂದು ಸೀನು ಸೀನಿತು, ಪುಡಿಯ ಮೇಲೆ ಆರಾಮವಾಗಿ ನಡೆಯಿತು, ಸೋಫಾ ಹತ್ತಿತು, ನನ್ನ ಬಿಳಿ ಬೆಡ್‌ಶೀಟು ಹತ್ತಿತು, ಹೊಸ್ತಿಲು ದಾಟಿ ಕಟ್ಟೆಗೆ ಹೋಯಿತು. ಮನೆ ತುಂಬಾ ಕೆಂಪು ಕೆಂಪು ಪುಟ್ಟ ಹೆಜ್ಜೆಗಳು. ಎದುರು ಮನೆಯಾಕೆ ಬಾಗಿಲಲ್ಲೇ ನಿಂತು ಕೈಮುಗಿದರು.

"ಏನ್ರಿ, ಲಕ್ಷ್ಮೀ ಹೆಜ್ಜಿ ಬರ್ಸೀರಿ? ಇವತ್ತ ಏನ ಪೂಜಾ ಐತ್ರಿ?"

ಆಮೇಲೆ ದೇವರ ಸರದಿ. ಮಾವನವರು ಶನಿವಾರ ಕದರಮಂಡಲಗಿಗೆ ಹೋಗಿ, ಹನುಮಪ್ಪನ ಮುಂದೆ ನಿಂತು, ಗುಂಡ್ಯಾನ ಹೆಸರಿನಲ್ಲಿ ಕಾಯಿ ಒಡೆಸಿದರು. ಬೆಕ್ಕು ಎಂದು ಹೇಳಲು ನಾಚಿಕೆಯಾಯಿತಂತೆ. "ಗುಂಡಪ್ಪ. ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ್ರಿ" ಎಂದಷ್ಟೇ ಹೇಳಿದರಂತೆ.

"ವಯಸ್ಸು ಎಷ್ಟ್ರಿ?" ಎಂದು ಪೂಜಾರಿ ಕೇಳಿದರು.

"ಎರಡು ತುಂಬತೈತ್ರಿ."

"ಅಯ್ಯ, ಎರಡು ವರ್ಷದ ಕೂಸು ಮಾಡೂದ ಹಂಗ್ರಿ ಯಜಮಾನ್ರ. ದೊಡ್ಡಾವ ಆದ ಮ್ಯಾಲೆ ತಾನ ಬಿಡ್ತಾನ, ಕಾಳಜಿ ಮಾಡಬ್ಯಾಡ್ರಿ!"

ಮಾವನವರು ಎರಡು ದಾರ ತಂದಿದ್ದರು. ಒಂದನ್ನು ಗುಂಡ್ಯಾನ ಕೊರಳಿಗೆ ಕಟ್ಟಿ, ಇನ್ನೊಂದನ್ನು ತಮ್ಮ ಕೈಗೆ ಕಟ್ಟಿಕೊಂಡರು. "ನಿಮಗ ಯಾಕ್ರಿ ಮಾವಾರ?" ಎಂದರೆ, "ಇರ್ಲಿ, ಹೆಂಗೂ ಹೋಗಿದ್ನಲ್ಲಾ" ಎಂದರು.

ಹನುಮಪ್ಪ ದಯೆ ತೋರುವ ಮೊದಲೇ ಗುಂಡ್ಯಾ ಹತ್ತನೆಯ ತರಗತಿಯ ಕನ್ನಡ ಉತ್ತರ ಪತ್ರಿಕೆಗಳ ಮೇಲೆ ಕುಳಿತು ಒದ್ದೆ ಮಾಡಿತು. ನನ್ನ ಗಂಡ ತಿದ್ದಿ ಅಂಕ ಕೊಟ್ಟು ಮೇಜಿನ ಮೇಲೆ ಇಟ್ಟಿದ್ದ ಕಟ್ಟು! ಕೆಂಪು ಶಾಯಿಯೆಲ್ಲ ಕಲಸಿ, ಮೂವತ್ತೈದು ಯಾರದು, ಎಂಬತ್ತೈದು ಯಾರದು ಎಂಬುದೇ ತಿಳಿಯದಾಯಿತು. ಅವರು ಸಿಟ್ಟಾಗುವವರಲ್ಲ. ಅವತ್ತು ಮಾತ್ರ ಊಟದ ತಟ್ಟೆಯನ್ನು ಹಿಂದಕ್ಕೆ ಸರಿಸಿದರು.

"ಸಾಕು. ಬರೂ ಐತ್ವಾರ ಮೇಡ್ಲೇರಿಗೆ ಬಿಟ್ಟು ಬರೂದ. ಅಕ್ಕನ ಹೊಲದಾಗ ಇಲಿ ಹಿಡಕೊಂಡು ಇರ್ಲಿ."

ಮಗಳು ಅಳಲು ಶುರುಮಾಡಿದಳು. "ಅಪ್ಪಾ, ಅದಕ್ಕ ನಾವ ಬೇಕು."

"ಎಷ್ಟ ಪ್ರೀತಿ ಇದ್ರೂ ಮನಿ ತುಂಬಾ ಹಿಂಗ ಮಾಡಾವರನ್ನ ಇಟಗೊಳ್ಳಾಕ ಆಕ್ಕೈತೇನು?" ಎಂದರು ಇವರು.

ಯಾವುದಕ್ಕೂ ಒಂದು ಮಾತು ಸೇರಿಸದೆ ಬಿಡದ ಮಾವನವರು ಅವತ್ತು ಅರ್ಧ ರೊಟ್ಟಿಗೇ ಕೈತೊಳೆದು ಎದ್ದರು. ಬೆಕ್ಕಿನ ಮೇಲೆ ಇಷ್ಟು ಮೋಹವೇ ಎಂದು ನಾನು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೊರಟೆವು. ಇವರು ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ಮಾವನವರು, ಅವರ ತೊಡೆಯ ಮೇಲೆ ಬುಟ್ಟಿಯಲ್ಲಿ ಗುಂಡ್ಯಾ. ಹಿಂದೆ ನಾನು, ಮುಖ ಊದಿಸಿಕೊಂಡ ಮಗಳು. ಮೋಟೆಬೆನ್ನೂರಿನ ಹತ್ತಿರ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಎದುರಾದವು. ಬೇರೆ ದಿನವಾಗಿದ್ದರೆ ಮಾವನವರು ಕಿಟಕಿ ಇಳಿಸಿ ಲಾರಿಗೊಂದು ದರ್ಜೆ ಕೊಡುತ್ತಿದ್ದರು. ಅವತ್ತು ಕಿಟಕಿ ಇಳಿಸಲಿಲ್ಲ. ರಾಣೇಬೆನ್ನೂರು ಇನ್ನೇನು ಬಂತು ಎನ್ನುವಾಗ ಗುಂಡ್ಯಾ ಒಂದು ವಿಚಿತ್ರ ದನಿಯಲ್ಲಿ ಕೂಗಿತು. ಬುಟ್ಟಿಯ ಸಂದಿಯಿಂದ ನಾಲ್ಕು ಹನಿ ಅವರ ಧೋತರದ ಮೇಲೆ ಬಿದ್ದವು. ಅವರು ಬಗ್ಗಿದರು, ಮೂಸಿದರು, ಕಣ್ಣು ಮುಚ್ಚಿದರು.

"ತಮ್ಮಾ, ಗಾಡಿ ನಿಲ್ಸು."

"ಯಾಕಪಾ?"

"ಇದು ಡಬ್ಬಿ ಅಲ್ಲ. ಇದರಾಗ ರಕ್ತದ ವಾಸನಿ ಐತಿ. ಕೂಸಿಗೆ ಆರಾಮ ಇಲ್ಲ."

ನೋಡಿದರೆ ಬಿಳಿ ಧೋತರದ ಮೇಲೆ ತೆಳು ಗುಲಾಬಿ ಕಲೆ. ಕಾರು ಮೇಡ್ಲೇರಿ ರಸ್ತೆ ಹಿಡಿಯಲಿಲ್ಲ. ವಿಚಾರಿಸುತ್ತ ವಿಚಾರಿಸುತ್ತ ಊರೊಳಗೆ ಹೋಗಿ, ಮನೆಯ ಮುಂದಿನ ಕೋಣೆಯಲ್ಲೇ ದನಕರುಗಳನ್ನು ನೋಡುವ ಒಬ್ಬ ಡಾಕ್ಟರಮ್ಮನ ಬಾಗಿಲಲ್ಲಿ ನಿಂತೆವು. ನಮಗಿಂತ ಮೊದಲು ಬಂದ ಒಬ್ಬ ರೈತರು ತಮ್ಮ ಆಡನ್ನು ಹಿಡಿದುಕೊಂಡು ಕುಳಿತಿದ್ದರು. ಗುಂಡ್ಯಾನ ದನಿ ಕೇಳಿ, "ಮೊದಲ ನೀವ ಹೋಗ್ರಿ" ಎಂದು ದಾರಿ ಬಿಟ್ಟರು.

ಡಾಕ್ಟರಮ್ಮ ಗುಂಡ್ಯಾನ ಹೊಟ್ಟೆ ಒತ್ತಿ ನೋಡಿದರು. "ಉಚ್ಚಿ ಚೀಲದಾಗ ಬ್ಯಾನಿ ಆಗೇತ್ರಿ. ಇದು ಹಟಾ ಅಲ್ಲ, ನೋವು. ಟ್ರೇದಾಗ ಕುಂತಾಗ ಉರೀತೈತಿ, ಅದಕ್ಕ ಟ್ರೇನ ಉರಸತೈತಿ ಅಂತ ತಿಳಕೊಂಡು ಬ್ಯಾರೆ ಕಡೆ ಹೋಗತೈತಿ. ದಿನಕ್ಕ ಎಷ್ಟ ಸಲ ಮಾಡತೈತಿ?"

ಲಾಟ್ ನಂಬರುಗಳೆಲ್ಲ ಮಗಳಿಗೆ ಬಾಯಿಪಾಠ. "ಪಡಸಾಲ್ಯಾಗ ಮೂರ್ನಾಕು ಸಲ ರಿ, ಹನಿ ಹನಿ. ಅಜ್ಜನ ಖೋಲ್ಯಾಗ ಎರಡು ಸಲ, ಅಲ್ಲಿ ಭಾಳ. ಒಮ್ಮೊಮ್ಮೆ ಹಾಸಿಗಿನ ತೋಯ್ತೈತ್ರಿ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಹಂಗ ಆಗಾಕ ಬರೂದಿಲ್ಲಲ್ಲಾ. ಒಂದ ಬೆಕ್ಕು ಒಂದ ಕಡೆ ಹನಿ ಹನಿ, ಇನ್ನೊಂದು ಕಡೆ ಹಾಸಿಗಿ ತುಂಬಾ ಹೆಂಗ ಮಾಡತೈತಿ? ಅದರ ಉಚ್ಚಿ ಕಟ್ಟೇತೋ ಇಲ್ಲೋ ನನಗ ತಿಳೀಬೇಕು. ಖರೇ ಹೇಳಿದ್ರಷ್ಟ ಔಷಧಾ ಕೊಡಾಕ ಬರತೈತ್ರಿ."

ಮಾವನವರು ಕೈಗೆ ಕಟ್ಟಿದ ದಾರವನ್ನು ಒಂದು ಸುತ್ತು ತಿರುಗಿಸಿದರು.

"ಡಬ್ಬಿ ಅದರದು ರಿ ಮೇಡಂ. ಕಡ್ಡಿ ನಂದು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಮಗೆ ಆಯಿತು.

"ನಾಕು ತಿಂಗಳಾತು. ಬಚ್ಚಲಾ ಮುಟ್ಟೂದ್ರಾಗ ತಡಿಯಾಕ ಆಗೂದಿಲ್ಲ" ಎಂದು ಅವರು ನೆಲ ನೋಡುತ್ತ ಹೇಳಿದರು. "ಬೆಕ್ಕು ಶುರು ಹಚ್ಚಿಕೊಂಡಾಗ ನನಗ ಹಗುರಾತು. ನಂದಷ್ಟು ಅದರ ಹೆಸರಿನ್ಯಾಗ ಬರದ್ನಿ. ಆಮ್ಯಾಲೆ ನೀವು ಅದನ್ನ ಮೇಡ್ಲೇರಿಗೆ ಕಳಸ್ತೇವಿ ಅಂದ್ರಿ. ಬೆಕ್ಕಿನ್ನ ಮೇಡ್ಲೇರಿಗೆ ಕಳಸಿದ್ರ, ನನ್ನ ಎಲ್ಲಿಗೆ ಕಳಸ್ತೀರಿ ಅಂತ ಅಂಜಿಕಿ ಬಂತು. ಸುಮ್ಮನಿದ್ನಿ." ಹೇಳಿ, ನಗಲು ನೋಡಿದರು. ಮಗಳು ಹೋಗಿ ಅವರ ತೋಳಿಗೆ ಆತುಕೊಂಡಳು. ಇವರು ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಿದ್ದರು.

ಬಾಗಿಲಲ್ಲಿದ್ದ ಆಡಿನ ರೈತರೇ ನಮ್ಮನ್ನು ಕಾಪಾಡಿದರು. "ಅದಕ್ಕ ಯಾಕ್ರಿ ಅಂಜತೀರಿ ಯಜಮಾನ್ರ? ನಮ್ಮ ಅಪ್ಪಗೂ ಹಂಗ ಇತ್ತರಿ. ಗುಳಿಗಿ ಕೊಟ್ರು, ಈಗ ಬಸ್ಸಿನ್ಯಾಗ ಕುಂತು ಹುಬ್ಬಳ್ಳಿಗೆ ಹೋಗಿ ಬರ್ತಾನ, ನಡುವ ಎಲ್ಲೂ ಇಳಿಯೂದಿಲ್ಲ!"

ಆ ಮಾತಿಗೆ ಮೊದಲು ನಕ್ಕವರು ಮಾವನವರೇ. ನನಗೆ ಆಗ ಆದ ಸಮಾಧಾನವನ್ನು ಹೇಗೆ ಹೇಳಲಿ! ಗುಂಡ್ಯಾನಿಗೆ ಸೂಜಿ, ಔಷಧ, ನೀರು ಹೆಚ್ಚು ಕುಡಿಸಬೇಕೆಂಬ ಅಪ್ಪಣೆ. ಎಲ್ಲಕ್ಕಿಂತ ಮೊದಲು ಆ ಲ್ಯಾವೆಂಡರ್ ತೆಗೆದು ಬರೀ ಮರಳು ಹಾಕಬೇಕೆಂದು ಡಾಕ್ಟರಮ್ಮ ಹೇಳಿದಾಗ ಮಾವನವರು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ವಿಷಯ ತಿಳಿದು ನನ್ನ ಗಂಡನ ಅಕ್ಕ ಮೇಡ್ಲೇರಿಯಿಂದ ಒಂದು ಚೀಲ ಹೊಳೆಯ ಮರಳು ಕಳಿಸಿಕೊಟ್ಟರು. ಬೆಕ್ಕು ಮೇಡ್ಲೇರಿಗೆ ಹೋಗಲಿಲ್ಲ, ಮೇಡ್ಲೇರಿಯೇ ಬೆಕ್ಕಿನ ಹತ್ತಿರ ಬಂತು. ಹಾವೇರಿಯಲ್ಲಿ ಮಾವನವರನ್ನು ಡಾಕ್ಟರಿಗೆ ತೋರಿಸಿದೆವು. ವಯಸ್ಸಾದ ಗಂಡಸರಲ್ಲಿ ಬಹಳ ಮಂದಿಗೆ ಆಗುವಂಥದ್ದೇ, ಗುಳಿಗೆಯಲ್ಲಿ ಹತೋಟಿಗೆ ಬರುತ್ತದೆ, ಆಪರೇಷನ್ ಬೇಡ ಎಂದರು. ಮನೆಗೆ ಬಂದು ನಾನು ಒಂದು ಚಹಾ ಮಾಡಿಕೊಂಡು, ಯಾರಿಗೂ ಕೊಡದೆ, ಒಬ್ಬಳೇ ಕುಳಿತು ಕುಡಿದೆ.

ಗುಳಿಗೆ ಹಿಡಿಯಲು ಸ್ವಲ್ಪ ದಿನ ಬೇಕಲ್ಲ. ಆ ವಾರವೇ ಒಂದು ಬೆಳಿಗ್ಗೆ ಮಾವನವರ ಹಾಸಿಗೆ ಮತ್ತೆ ಒದ್ದೆಯಾಗಿತ್ತು. ನಾನು ಬಾಗಿಲ ಹತ್ತಿರ ಹೋದಾಗ ಅವರು ಹಳೆಯ ಅಭ್ಯಾಸದಂತೆ ಚಾಕ್‌ಪೀಸ್ ಹಿಡಿದು ನಿಂತಿದ್ದರು. ಯಾರ ಹೆಸರಿನಲ್ಲಿ ಬರೆಯುವುದೆಂದು ತಿಳಿಯದೆ ನಿಂತವರ ಹಾಗಿದ್ದರು. ಗುಂಡ್ಯಾ ಅವರ ಕಾಲ ಬಳಿ ಕುಳಿತಿತ್ತು. ಇವರು ನನ್ನನ್ನು ದಾಟಿ ಒಳಗೆ ಹೋಗಿ, ಅಪ್ಪನ ಕೈಯಿಂದ ಚಾಕ್‌ಪೀಸ್ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ನಂಬರ್ ಬ್ಯಾಡಪಾ. ಧೋತರಾ ಕೊಡು, ಒಗದು ಹಾಕ್ತೇನಿ."

ಜೀವನದಲ್ಲಿ ಒಂದು ಕರ್ಚೀಫನ್ನೂ ಒಗೆಯದ ಮಾಸ್ತರರು ಅವತ್ತು ಹಿತ್ತಲ ಕಲ್ಲಿನ ಮೇಲೆ ಧೋತರ ಒಗೆದು, ಹಿಂಡಿ, ಅಡ್ಡಾದಿಡ್ಡಿಯಾಗಿ ಹಗ್ಗಕ್ಕೆ ಹಾಕಿ ಶಾಲೆಗೆ ಹೋದರು. ಮಧ್ಯಾಹ್ನ ಅದು ಒಣಗಿದ ಮೇಲೆ ಮಾವನವರು ಹಗ್ಗದಿಂದ ತೆಗೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದರು. ನಾನು ದರ್ಜೆಗಾಗಿ ಕಾದು ನಿಂತೆ.

"ಸಾಬಾಣ ಹೆಚ್ಚ ಹಾಕ್ಯಾನ" ಎಂದರು. ಧೋತರ ಮಾತ್ರ ಬಹಳ ಹೊತ್ತು ಮುಖದ ಮೇಲೆಯೇ ಇತ್ತು.