ನಲವತ್ತು ಸಲ ಬಂದ ಕಳ್ಳ

ನ್ಯಾಮತಿ ತಾಲ್ಲೂಕಿನಲ್ಲಿ ಹೆಂಡತಿಗಾಗಿ ಸ್ವಂತ ಸರ್ವರ್ ಇಟ್ಟ ಮೊದಲ ಗಂಡ ತಾನೇ ಆಗಬೇಕೆಂದು ಮೋಟಾರ್ ರಿಪೇರಿಯ ಕೊಟ್ರೇಶ್ ಶಪಥ ಮಾಡಿದ್ದು, ಕಲ್ಪನಾಳನ್ನು ಹೊನ್ನಾಳಿ ಬಸ್ಸಿಗೆ ಹತ್ತಿಸಿ ಬಂದ ದಿನವೇ. ಅವಳು ನರ್ಸು, ಜಗಳೂರಿಗೆ ವರ್ಗವಾಗಿತ್ತು. ನಡುವೆ ಮೂರು ಬಸ್ಸು, ಹದಿನೈದು ದಿನಕ್ಕೊಂದು ಭೇಟಿ. ಅವಳಿಲ್ಲದ ಮನೆಯ ಸುದ್ದಿ ಅವಳಿಗೆ ದಿನಾ ಮುಟ್ಟಬೇಕು, ಅದೂ ತನ್ನದೇ ವೆಬ್‌ಸೈಟಿನಲ್ಲಿ, ತನ್ನದೇ ದನಿಯಲ್ಲಿ!

ವಾಟ್ಸಾಪಿನಲ್ಲಿ ಕಳಿಸಿದರೆ ಆಗದೇ ಎಂದು ಕಲ್ಪನಾ ಕೇಳಿದಳು. ಬೇರೆಯವರ ಜಗಲಿಯಲ್ಲಿ ಕೂತು ಹೆಂಡತಿಯೊಡನೆ ಮಾತಾಡುವ ಗಂಡಸು ತಾನಲ್ಲ ಎಂದು ಕೊಟ್ರೇಶ್ ಎದೆಯುಬ್ಬಿಸಿದ.

ಕಂಪ್ಯೂಟರ್ ಅಂಗಡಿಯ ಪ್ರದೀಪ್, ನೂರು ಜನ ಹಂಚಿಕೊಳ್ಳುವ ಸರ್ವರಿನಲ್ಲಿ ಒಂದು ಮೂಲೆ ಸಾಕು ಎಂದ. ವಠಾರದ ಸಂಸಾರ ಕೊಟ್ರೇಶನಿಗೆ ಒಗ್ಗೀತೇ? ಮೋಟಾರಿಗೆ ಎಚ್‌ಪಿ ನೋಡುವ ಹಾಗೆ ನೋಡಿ, ಎಲ್ಲದರಲ್ಲೂ ದೊಡ್ಡದನ್ನೇ ಆರಿಸಿ, ಮುಂಬೈಯಲ್ಲಿರುವ ಇಡೀ ಒಂದು ಲಿನಕ್ಸ್ ಯಂತ್ರವನ್ನು ತನ್ನೊಬ್ಬನ ಹೆಸರಿಗೆ ಬಾಡಿಗೆ ಹಿಡಿದ. ಜಿಲ್ಲೆಯ ಜನವೆಲ್ಲ ಒಟ್ಟಿಗೆ ನುಗ್ಗಿದರೂ ಅದು ತಾಳುತ್ತದಂತೆ. ಬರಬೇಕಾದವಳು ಮಾತ್ರ ಒಬ್ಬಳೇ.

“ಒಬ್ಬರ ಊಟಕ್ಕೆ ಕಲ್ಯಾಣ ಮಂಟಪ ಹಿಡಿದ್ರಾ?” ಎಂದಳು ಕಲ್ಪನಾ. “ನಂಗಂತೂ ಪುರುಸೊತ್ತಿಲ್ಲ. ನಿಮ್ಮ ಸೈಟು ನೋಡಾಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ರಿ.”

ಆ ಮಾತು ಅವನಿಗೆ ಚುರುಕ್ಕೆಂದಿತು. ಆದರೂ ಪಟ್ಟು ಬಿಡಲಿಲ್ಲ. ದಿನಾ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಮೊಬೈಲು ಬಾಯಿಗೆ ಹಿಡಿದು ಗಂಭೀರವಾಗಿ ಮನೆ ವಾರ್ತೆ ಓದಿ, ರೆಕಾರ್ಡಾದದ್ದನ್ನು ಹಾಗೇ ಸೈಟಿಗೆ ಹಾಕುತ್ತಿದ್ದ. ಕರಿಬೇವು ಚಿಗುರಿದೆ. ನಲ್ಲಿ ನೀರು ಬಂದಿಲ್ಲ. ನಿನ್ನ ಹಸಿರು ಸೀರೆ ಒಗೆದು ತಂತಿಗೆ ಹಾಕಿದ್ದೇನೆ. ಒಣಗಿ ನಾಲ್ಕು ದಿನವಾದರೂ ಅದನ್ನು ತೆಗೆಯಲು ಮನಸ್ಸು ಬರುತ್ತಿಲ್ಲ ಎಂಬುದನ್ನು ಮಾತ್ರ ವಾರ್ತೆಯಲ್ಲಿ ಓದಲಿಲ್ಲ. ತಂತಿಯ ಮೇಲೆ ಸೀರೆಯಿದ್ದರೆ ಅವಳು ಮನೆಯಲ್ಲೇ ಇದ್ದಾಳೆ ಅನ್ನಿಸುತ್ತಿತ್ತು.

ಸಂಜೆಯಾದರೆ ಕಪ್ಪು ಪರದೆಯ ಮುಂದೆ ಸರ್ವರಿನ ಸೇವೆ. ಅಪ್‌ಡೇಟು, ಬ್ಯಾಕಪ್ಪು, ತಪ್ಪಿ ಒತ್ತಿದ ಕಮಾಂಡು, ಅದರ ಪರಿಹಾರಕ್ಕೆ ಇನ್ನೊಂದು ತಪ್ಪು ಕಮಾಂಡು! ಹೀಗೇ ಒಂದು ಸಂಜೆ ಲಾಗ್ ತೆರೆದ. ಸೈಟಿಗೆ ಯಾರು ಯಾವಾಗ ಬಂದರು ಎಂದು ಸರ್ವರ್ ತಾನೇ ಬರೆದಿಡುವ ಪಟ್ಟಿ ಅದು. ನೋಡಿದವನು ಕುರ್ಚಿ ಮುಂದಕ್ಕೆಳೆದುಕೊಂಡ. ಬರೀ ಅಂಕಿಗಳ ಒಂದೇ ವಿಳಾಸದಿಂದ, ದಿನಾ ರಾತ್ರಿ ಏಳೂವರೆಯಿಂದ, ಒಂದಲ್ಲ ಎರಡಲ್ಲ, ನಲವತ್ತು ಸಲ ಬಂದಿದ್ದಾರೆ!

ಕಲ್ಪನಾ ಅಂತೂ ನೋಡುವುದಿಲ್ಲ. ಇನ್ಯಾರು? ಕಳ್ಳನೇ ಇರಬೇಕು. ಯೂಟ್ಯೂಬ್ ನೋಡಿ ಫೈರ್‌ವಾಲ್ ಹಾಕುವುದನ್ನು ಕಲಿತ ಕೊಟ್ರೇಶ್ ಆ ವಿಳಾಸಕ್ಕೆ ಬಾಗಿಲು ಜಡಿದೇಬಿಟ್ಟ. ಮೂರು ದಿನ ಕಳ್ಳನ ಸುಳಿವಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೋಟಾರಿನ ವಿಷಯ ಬಿಟ್ಟು ಈ ಯುದ್ಧದ ಕಥೆಯೇ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಹಾಲಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಕಲ್ಪನಾಳ ಫೋನು ಬಂತು. ದನಿ ಕುಗ್ಗಿತ್ತು.

“ನನ್ನ ಮ್ಯಾಲೆ ಸಿಟ್ಟೇನ್ರಿ? ಮೂರು ದಿನ ಆತು, ನಿಮ್ಮ ಸೈಟು ತೆರೀತಾನೇ ಇಲ್ಲ.”

“ನೀನು ನೋಡಾದೇ ಇಲ್ಲ ಅಂದಿದ್ದಿ?”

ಏಳೂವರೆ ಎಂದರೆ ಅವಳು ಡ್ಯೂಟಿ ಮುಗಿಸಿ ಕ್ವಾರ್ಟರ್ಸ್ ಸೇರುವ ಹೊತ್ತು. ಕೊಟ್ರೇಶನಿಗೆ ತಾನು ಹಿಡಿದ ಕಳ್ಳ ಯಾರೆಂದು ಹೊಳೆಯಿತು. ಒಂದೇ ವಾರ್ತೆಯನ್ನು ನಲವತ್ತು ಸಲ ಯಾಕೆ ಕೇಳುತ್ತಿದ್ದೆ ಎಂದು ಮೆಲ್ಲಗೆ ಕೇಳಿದ.

“ವಾರ್ತೆ ಯಾರಿಗೆ ಬೇಕ್ರಿ. ಕೊನೇಗೆ ಹಾಲು ಉಕ್ಕಿದಾಗ, ‘ಏ ಕಲ್ಪನಾ, ಹಾಲು ನೋಡೇ’ ಅಂತ ಕೂಗ್ತೀರಲ್ಲ, ನಾನು ಪಕ್ಕದ ಕೋಣೇಲಿ ಇದ್ದಂಗೆ. ಅದನ್ನ ಕೇಳಾಕೆ.”

ತಾನು ಹಾಗೆ ಕೂಗುತ್ತೇನೆಂಬುದೇ ಅವನಿಗೆ ಗೊತ್ತಿರಲಿಲ್ಲ. ಆರು ವರ್ಷದ ರೂಢಿ, ಬಾಯಿಗೆ ಬಂದುಬಿಡುತ್ತಿತ್ತು. ಇಡೀ ಜಿಲ್ಲೆಯನ್ನು ತಾಳುವ ಯಂತ್ರದ ಯಜಮಾನ ಫೋನು ಕಿವಿಗೆ ಒತ್ತಿಕೊಂಡು ಬಾಗಿಲಿಗೆ ಬಂದು, ತಂತಿಯ ಮೇಲಿನ ಹಸಿರು ಸೀರೆಯನ್ನೇ ನೋಡುತ್ತ ನಿಂತ. ಬೆನ್ನ ಹಿಂದೆ ಒಲೆ ಚುಯ್ ಎಂದಿತು.

ಜಗಳೂರಿನಿಂದ ಕಲ್ಪನಾ ಹೇಳಿದಳು: “ರೀ, ಹಾಲು ನೋಡ್ರಿ.”